ಚೀಟಿ ಎತ್ತಿದ ದಿನ

ಇಪ್ಪತ್ತೇಳು ವರ್ಷ ಪಾಲಿಕೆಯ ಸಭಾಂಗಣದಲ್ಲಿ
ನೀರಿನ ಲೋಟ ಇಟ್ಟಿದ್ದೇನೆ, ಮೈಕು ತಟ್ಟಿ ನೋಡಿದ್ದೇನೆ,
ಬೈಗುಳ ಶುರುವಾದರೆ ರಸ್ತೆ ಕಡೆಯ ಕಿಟಕಿ ಮುಚ್ಚಿದ್ದೇನೆ.
ಹೆಸರು ಹಿಡಿದು ಕರೆದವರು ಕಡಿಮೆ.
ಬೆಲ್ ಇದೆಯಲ್ಲ.

ಆ ದಿನ ಎರಡು ಬಸ್ಸು ಬಂದವು.
ಒಂದು ದಾಂಡೇಲಿ ಕಡೆಯಿಂದ, ಇನ್ನೊಂದು ಎಲ್ಲಿಂದಲೋ.
ಎಳೆದ ಪರದೆಯ ಹಿಂದೆ ನಮ್ಮ ನಲವತ್ತೈದು ವಾರ್ಡುಗಳು
ತೂಕಡಿಸುತ್ತಿದ್ದವು.
ಹನ್ನೊಂದು ದಿನ ಮೊಬೈಲು ಕಸಿದಿಟ್ಟಿದ್ದರಂತೆ.
ಭಟ್ಟಿ ಗಲ್ಲಿಯ ಹಾಲಮ್ಮ ಇಳಿಯುತ್ತಲೇ ಕೇಳಿದಳು:
'ನಮ್ ಎಮ್ಮಿ ಈತೇನೋ ಚೌಡಣ್ಣ?'
ಪಕ್ಷದವರು ರಟ್ಟೆ ಹಿಡಿದು ಒಳಗೆ ಕರೆದೊಯ್ದರು.

ಕೈ ಎತ್ತಿ ಅಂದರು. ಎತ್ತಿದರು.
ಉಂಗುರದ ಕೈ, ಕಡಗದ ಕೈ, ಯಾವುದೋ ಗುಡಿಯ ದಾರದ ಕೈ,
ಮಂಡಕ್ಕಿ ಹುರಿಯುವ ಮರಳು ಸುಟ್ಟ ಒಂದು ಮಣಿಕಟ್ಟು.
ಶಾಸಕರದು, ಸಂಸದರದು, ಇಲ್ಲೇ ಮನೆಯಿದೆ ಎಂದು
ಮೊನ್ನೆ ಮೊನ್ನೆ ಮತಪಟ್ಟಿಗೆ ಬಂದವರದು.
ಈ ಕಡೆ ಇಪ್ಪತ್ತಾರು.
ಆ ಕಡೆ ಇಪ್ಪತ್ತಾರು.
ಮತ್ತೆ ಎಣಿಸಿದರು. ಯಾರದೋ ಕೈ ಸೋತು ಅರ್ಧಕ್ಕಿಳಿದಿತ್ತು,
ಪಕ್ಕದವನು ಮೊಣಕೈಗೆ ಆನಿಕೆ ಕೊಟ್ಟ.
ಇಪ್ಪತ್ತಾರು.

ಸಾಹೇಬರು ಕಾಯ್ದೆ ಪುಸ್ತಕ ತೆರೆದರು. ಸಮ ಬಂದರೆ ಚೀಟಿ.
ಡಬ್ಬಿ ಎಲ್ಲಿ? ಅಷ್ಟು ದೊಡ್ಡ ಕಚೇರಿಯಲ್ಲಿ
ಒಂದು ಖಾಲಿ ಡಬ್ಬಿ ಇರಲಿಲ್ಲ.
ನನ್ನ ಬುತ್ತಿಯ ಒಗ್ಗರಣೆ ಮಂಡಕ್ಕಿಯನ್ನು ಪೇಪರಿಗೆ ಸುರುವಿ ಕೊಟ್ಟೆ.
ಒರೆಸುವಷ್ಟು ಹೊತ್ತಿರಲಿಲ್ಲ.
'ಯಾವ ಪಕ್ಷಕ್ಕೂ ಸೇರದವರು ಯಾರಾದರೂ ಎತ್ತಲಿ.'
ಎಲ್ಲರೂ ನನ್ನ ಕಡೆ ತಿರುಗಿದರು, ಬೆಲ್ ಹೊಡೆಯದೆಯೇ.

ಮುಂದಿನದನ್ನು ಹೆಂಡತಿಗೂ ಹೇಳಿಲ್ಲ.
ಮೊದಲು ಹಾಕಿದ ಚೀಟಿ ತಳದ ಎಣ್ಣೆಗೆ ಅಂಟಿಕೊಂಡಿತು.
ಮುಚ್ಚಳ ಹಾಕಿ ಅಲ್ಲಾಡಿಸಿದೆ.
ಸದ್ದು ಮಾಡಿದ್ದು ಒಂದೇ ಚೀಟಿ.
ಕೇಳಿಸಿದ್ದು ನನಗೊಬ್ಬನಿಗೆ, ಅಂದುಕೊಂಡೆ.

ಒಂದು ಉಸಿರಿನಷ್ಟು ಹೊತ್ತು
ಕಸದ ಟೆಂಡರು, ಕುಂದವಾಡ ಕೆರೆಯ ಪಂಪು,
ಪಿ.ಬಿ. ರೋಡಿನ ದೀಪಗಳು, ನಾಲ್ಕು ಸಾವಿರ ಖಾತೆ ಬದಲಾವಣೆ
ನನ್ನ ಎರಡು ಬೆರಳ ನಡುವೆ.
ನಾನೇನು ಊರಿನ ಬಗ್ಗೆ ಯೋಚಿಸಲಿಲ್ಲ.
ಇಬ್ಬರಲ್ಲಿ ಒಬ್ಬಾಕೆ ಹಿಂದೊಮ್ಮೆ
ನಾನು ಜ್ವರದಲ್ಲಿ ನಡುಗುವಾಗ ಕುರ್ಚಿ ಎಳೆದು
'ಕೂತ್ಕೊಳ್ರಿ' ಅಂದಿದ್ದಳು.
ಇನ್ನೊಬ್ಬಾಕೆಗೆ ನಾನು ಕಂಡೇ ಇರಲಿಲ್ಲ.
ಅಷ್ಟೇ.

ಅಂಟಿದ್ದನ್ನು ಕಿತ್ತೆ.
ಎಣ್ಣೆ ಹೀರಿದ ಕಾಗದ; ಬಿಡಿಸುವ ಮೊದಲೇ
ಹೆಸರು ಬೆನ್ನಿಗೆ ಬಂದಿತ್ತು.
ಯಾರದೆಂದು ಹೇಳುವುದಿಲ್ಲ. ನಡಾವಳಿ ಪುಸ್ತಕದಲ್ಲಿದೆ.

ಹೊರಗೆ ಪಟಾಕಿ. ಒಳಗೆ ಮೋಸ ಮೋಸ ಎಂಬ ಕೂಗು.
ಕಾಯ್ದೆಯನ್ನು ಬೈದರು, ಸಾಹೇಬರನ್ನು ಬೈದರು,
ಬಸ್ಸಿನ ಡ್ರೈವರನ್ನೂ ಬಿಡಲಿಲ್ಲ.
ನನ್ನ ಮೇಲೆ ಅನುಮಾನ ಪಡುವಷ್ಟೂ
ಯಾರೂ ನನ್ನನ್ನು ನೋಡಿರಲಿಲ್ಲ.

ವಾರದೊಳಗೆ ಮೇಯರ್ ಕೋಣೆಯ ಪರದೆ ಬದಲಾಯಿತು,
ಗೋಡೆಯ ಫೋಟೋ, ಚಹಾ ತರುವ ಹುಡುಗ.
ಒಂಬತ್ತು ದಿನಕ್ಕೆ ಬರುತ್ತಿದ್ದ ನೀರು ಎಂಟಕ್ಕೇ ಬಂತು.
'ಹೊಸ ಮೇಯರ್ ಚಲೋ ಅದಾರ ನೋಡ್ರಿ' ಅಂದಳು ಹೆಂಡತಿ,
ರಾತ್ರಿ ಎರಡು ಗಂಟೆಗೆ, ಕೊಡಕ್ಕೆ ಪೈಪು ಹಿಡಿದು.
ನಾನು ಡ್ರಮ್ಮು ತೊಳೆಯುತ್ತಿದ್ದೆ.
ಮುಂದಿನ ಸಲ ಮತ್ತೆ ಒಂಬತ್ತೇ.

ಡಬ್ಬಿ ಅದೇ.
ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ತೆರೆದಾಗ
ಹಾಲಮ್ಮ ಬಂದಳು, ಸಭೆಗೆ ತಡವಾಗಿ.
ಆ ಸುಟ್ಟ ಕೈಯನ್ನೇ ಹಾಕಿ ಒಂದು ಮುಷ್ಟಿ ಬಾಯಿಗೆ ಎಸೆದು
ಅಗಿಯುತ್ತ ಎರಡು ಮೆಟ್ಟಿಲು ಹತ್ತಿದಳು. ನಿಂತಳು.

'ಎಣ್ಣಿ ಜಾಸ್ತಿ ಆತಲ್ಲೋ, ಚೌಡಣ್ಣ.'