ಹನ್ನೆರಡು ವ್ಯಾಟ್ ಸದ್ದು

ವೆರ್ಣಾದ ತಗಡು ಶೆಡ್ಡಿನಲ್ಲಿ ಬಸ್ಸು ನಿಂತು ಎರಡು ತಿಂಗಳು.
ಸೀಟು ಕಿತ್ತ ತೂತುಗಳು ಇನ್ನೂ ನೆಲದ ತುಂಬ;
ಕಾಯ್ತಾನ್ ರೆಬೆಲೊ ಅವನ್ನು ದಾಟಿ ದಾಟಿ ನಡೆಯುತ್ತಾರೆ
ಡೆಕ್ಕಿನ ಮೇಲೆ ನಡೆದಂತೆ, ಕಾಲು ಅಗಲಿಸಿ.

ಮೂವತ್ತೊಂದು ವರ್ಷ ಹಡಗಿನ ಎಂಜಿನ್ ರೂಮು.
‘ತಲೆದಿಂಬಿನ ಕೆಳಗೇ ಜನರೇಟರ್ ಇಟ್ಟುಕೊಂಡು ಮಲಗಿದ ಹಾಗೆ’
ಎನ್ನುತ್ತಾರೆ, ಬಂದರಿನ ಹಮಾಲರಿಂದ ಕಲಿತ ಕನ್ನಡದಲ್ಲಿ.
‘ಇದು ಮನೆ. ಇಲ್ಲಿ ಡೀಸೆಲ್ ಉಸಿರಾಡಬಾರದು.
ಕರೆಂಟು ಬೇಕು, ಸದ್ದು ಬೇಡ. ಬರೆದುಕೋ.’

ಬರೆದುಕೊಂಡೆ.
ಕಂಬಕ್ಕೆ ಕೊಕ್ಕೆ ಎಸೆದು ಕರೆಂಟು ಎಳೆಯುತ್ತಿದ್ದ
ಬೈನಾದ ಓಣಿಯಲ್ಲಿ ಬೆಳೆದವನು ನಾನು.
ಯಾರ ಕಂಬವೂ ಬೇಡ ಎನ್ನುವವರನ್ನು
ಇದೇ ಮೊದಲು ಕಂಡದ್ದು.

ಫ್ರಿಜ್ಜು, ದಿನಕ್ಕೆ ಒಂದೂಕಾಲು ಯೂನಿಟ್ಟು.
ನೀರಿನ ಪಂಪು. ಸ್ನಾನ ಎಷ್ಟು ಹೊತ್ತು ಸರ್?
‘ಹಡಗಿನ ಸ್ನಾನ. ಮೂರು ನಿಮಿಷ.’
ಒಲೆ. ಮೀನಿನ ಸಾರಿಗೆ ಮುಕ್ಕಾಲು,
ಕುಚ್ಚಲಕ್ಕಿ ಬೇಯಲು ಇನ್ನೂ ಒಂದು.
ರಾತ್ರಿ ಎಷ್ಟು ಸಲ ಏಳುತ್ತೀರಿ, ಯಾವ ದೀಪ?
ಇಷ್ಟು ಹತ್ತಿರದಿಂದ ಇನ್ನೊಬ್ಬರ ಹಗಲು ರಾತ್ರಿಯನ್ನು
ಕೇಳಿರಲಿಲ್ಲ ನಾನು, ಹೆಂಡತಿಯದನ್ನೂ.
ಏಸಿ ಹತ್ತು ತಾಸು ಬೇಡಿದರು. ನಾಲ್ಕು ಕೊಟ್ಟೆ.

ಹತ್ತು ಮೀಟರಿನ ನೆತ್ತಿ. ಗಾಳಿಕಿಂಡಿಗೆ ಜಾಗ ಬಿಟ್ಟು
ಅಡ್ಡಡ್ಡ ಎಂಟು ಫಲಕ, ಮೂರೂವರೆ ಕಿಲೋವ್ಯಾಟ್.
ಅದು ಚೈತ್ರದ ಮಾತು.
ನಾನು ಲೆಕ್ಕ ಹಾಕುವುದು ಆಷಾಢಕ್ಕೆ,
ಸೂರ್ಯ ಮೂರು ತಾಸಿನ ಕೂಲಿಗೆ ಬಂದು
ಮುಖ ತೋರಿಸದೆ ಹೋಗುವ ತಿಂಗಳಿಗೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ಈ ಹಾಸಿಗೆ ಮೋಡ ನೋಡಿಕೊಂಡು
ದಿನಾ ಅಳತೆ ಬದಲಿಸುತ್ತದೆ.

ತೆಂಗಿನ ಒಂದು ಗರಿಯ ನೆರಳು ಸಾಕು,
ಒಂದು ಫಲಕ ಸೊರಗಿದರೆ ಸಾಲೇ ಸೊರಗುತ್ತದೆ.
ಅದಕ್ಕೆ ಎರಡೆರಡರ ಸಾಲು ಮಾಡಿದೆ.
‘ಬಸ್ಸು ಬಿಸಿಲಾಗ, ಮಾಲಕ ನೆರಳಾಗ ಅಂದ್ರ
ಹ್ಯಾಂಗಣ್ಣಾ?’ ಮೌಲಾಲಿ ನಗುತ್ತಾನೆ, ಸ್ಪ್ಯಾನರ್ ಕಚ್ಚಿಕೊಂಡು.
ಬ್ಯಾಟರಿಯಿಂದ ಗೇಣಿನೊಳಗೆ ಫ್ಯೂಸು.
ಕೇಬಲ್ಲು ಹೆಬ್ಬೆರಳ ದಪ್ಪ; ತೆಳ್ಳಗಾದರೆ ಕರೆಂಟು
ದಾರಿಯಲ್ಲೇ ಬೆಂದು ಹೋಗುತ್ತದೆ.

ಮೊದಲ ರಾತ್ರಿ ಬೇತುಲ್ಲಿನ ದಂಡೆಯಲ್ಲಿ.
ಎರಡೂವರೆಗೆ ಫೋನು.
ಏನು ಕೆಟ್ಟಿತು ಸರ್?
‘ಏನೂ ಕೆಟ್ಟಿಲ್ಲ. ಬ್ಯಾಟರಿ ಎಪ್ಪತ್ತೊಂದು.’
ಆ ಕಡೆ ಅಲೆ ಕೇಳುತ್ತಿತ್ತು.
ಅದು ಲೆಕ್ಕಕ್ಕಿಲ್ಲವಂತೆ, ಒಂದೇ ಸಮ ಇಲ್ಲವಂತೆ.
‘ಹಡಗಿನಲ್ಲಿ ಸದ್ದು ನಿಂತರೆ ಎಂಜಿನ್ ಸತ್ತಿದೆ ಅಂತ.
ಚೀಫು ಎದ್ದು ಓಡಬೇಕು.
ಎದ್ದು ಕೂತಿದ್ದೇನೆ. ನಾಲ್ಕನೇ ಸಲ. ಪ್ಯಾಂಟು ಹಾಕಿಕೊಂಡು.’

ಬೆಳಿಗ್ಗೆ ಗುಜರಿಯಲ್ಲಿ ಹುಡುಕಿ
ಬೇರಿಂಗು ಸವೆದ ಒಂದು ಪುಟ್ಟ ಫ್ಯಾನು ತಂದೆ.
ಮಂಚದ ಕೆಳಗೆ, ದಿಂಬಿನ ನೇರಕ್ಕೆ ಬಿಗಿದೆ.
ಯಾರಿಗೂ ಗಾಳಿ ಬೀಸದು, ಗುಂ ಅನ್ನುತ್ತದೆ ಅಷ್ಟೆ.
ಹನ್ನೆರಡು ವ್ಯಾಟು, ಹತ್ತು ತಾಸು.
ಪಟ್ಟಿಯ ಕೊನೆಗೆ ಸೇರಿಸುವಾಗ ಮೌಲಾಲಿ ಕೇಳಿದ:
‘ಇದರ ಉಪಯೋಗ ಏನಂತ ಬರೀಲಿ?’
ಬಿಡು, ಖಾಲಿ ಇರಲಿ ಅಂದೆ.

ಆಷಾಢ ಬಂತು. ಮೋಡ ಕಟ್ಟಿ ಐದನೇ ದಿನ.
ಏಸಿ ಆರಿಸಿದರು, ಆಮೇಲೆ ಒಲೆ, ಆಮೇಲೆ ಫ್ರಿಜ್ಜು;
ಒಳಗಿದ್ದ ಬಂಗುಡೆ ಉಪ್ಪಿಗೆ ಹೋಯಿತು.
ಅವತ್ತು ರಾತ್ರಿ ಹತ್ತಕ್ಕೆ ನನಗೊಂದು ಮೆಸೇಜು:
‘ಬ್ಯಾಟರಿ ಹದಿನಾಲ್ಕು.
ಫ್ಯಾನು ಓಡುತ್ತಿದೆ. ಮಲಗುತ್ತೇನೆ.’