ಕೈ ಯಾರದು

ಇನಾಯತ್ ಸಾಬರು ಅದನ್ನು ತಂದದ್ದು
ಯಾರದೋ ಮದುವೆ ಕಾರ್ಡಿನ ದಪ್ಪ ಲಕೋಟೆಯಲ್ಲಿ,
ಬಾಳೆಹಣ್ಣಿದ್ದ ಚೀಲದೊಳಗೆ.
ಶಿವಾಜಿನಗರದ ಹರಾಜಿನಲ್ಲಿ ಕೊಂಡ ಒಡಕು ಕನ್ನಡಿ,
ಅದರ ಬೆನ್ನಿಗೆ ಒತ್ತು ಕೊಟ್ಟಿದ್ದ ಹಾಳೆ.
"ನೋಡಮ್ಮಾ, ಈ ಹೆಂಗಸಿಗೆ ಕತ್ತು ಜಾಸ್ತಿ ಆಯ್ತು.
ಬರೆದೋನಿಗೆ ಅಳತೆ ಗೊತ್ತಿಲ್ಲ."

ಗೊತ್ತಿತ್ತು, ಸಾಬರೇ. ಗೊತ್ತಿದ್ದೇ ಮೀರಿದ್ದು.
ಗುರುಗಳ ಕಾಲಕ್ಕೇ ಎಲ್ಲ ಅಳತೆಯೂ ಸರಿಹೋಗಿಬಿಟ್ಟಿತ್ತು,
ಇವನ ಪಾಲಿಗೆ ಉಳಿದದ್ದು ತಿರುಚುವುದೊಂದೇ:
ಸೊಂಟ ಒಂದು ದಿಕ್ಕು, ಭುಜ ಇನ್ನೊಂದು,
ಕಿರುಬೆರಳಿಗೆ ಸುಮ್ಮನೆ ಒಂದು ಗೆಣ್ಣು ಹೆಚ್ಚು.
ನಾನೂರೈವತ್ತು ವರ್ಷದಿಂದ ಹಾಗೇ ಹಿಂದಿರುಗಿ ನೋಡುತ್ತಿದ್ದಾಳೆ,
ಯಾರೋ ಕರೆದರೆಂದು.

ಕಾಕ್ಸ್‌ಟೌನಿನ ನನ್ನ ಮಹಡಿಯಲ್ಲಿ
ಕರೆಂಟು ಹೋಗುವ ಮುಂಚೆ
ಬೆಳಕಿನ ಗಾಜಿನ ಮೇಲೆ ಹಾಳೆ ಹಾಸಿದೆ.
ನಾರಿನೊಳಗಿಂದ ಮೆಲ್ಲನೆ ಎದ್ದಿತು ನೀರುಗುರುತು:
ದುಂಡಿನೊಳಗೊಂದು ಲಂಗರು.
ಕಡಲಿಲ್ಲದ ಊರಲ್ಲಿ.

ಮಸಿ ತಿನ್ನುತ್ತಿದೆ. ನೆರಳು ದಟ್ಟವಾದಲ್ಲೆಲ್ಲ
ಗೆರೆ ಗೆರೆಯಾಗಿ ಉಳಿದಿಲ್ಲ, ಸೀಳಾಗಿದೆ.
ಮಾಚಿಕಾಯಿಯ ಮಸಿ ಅದು, ಕಬ್ಬಿಣದ ಉಪ್ಪು ಬೆರೆತದ್ದು.
ನಮ್ಮಜ್ಜಿ ಸಾಣೆಕಲ್ಲಿಗೆ ಬಜೆಯ ಜೊತೆ ತೇಯ್ದು
ಕೂಸಿನ ನಾಲಗೆಗೆ ಸವರುತ್ತಿದ್ದಳಲ್ಲ, ಅದೇ ಕಾಯಿ.
ಹೊಟ್ಟೆನೋವಿಗೆ ಮದ್ದು. ಕಾಗದಕ್ಕೆ ನಿಧಾನದ ವಿಷ.

ಮುಂಬಯಿಯಿಂದ ಬೆಲೆ ಕಟ್ಟುವಾತ ಬಂದ.
ಕೈ ತೊಳೆದು, ಒರೆಸಿ, ಭೂತಗನ್ನಡಿ ಹಿಡಿದು ಕೂತ;
ಒಂದೂವರೆ ಗಂಟೆ ಮಾತಿಲ್ಲ.
"ಗುರುವಿನ ಕೈಯಲ್ಲ ಇದು. ಮುಖ ಇರಬಹುದು,
ಬೇಕಾದರೆ ಆ ತೋಳು. ಮಿಕ್ಕಿದ್ದು ಶಿಷ್ಯನದು."
ಶಿಷ್ಯ ಎಂಬ ಒಂದೇ ಮಾತಿಗೆ ಎರಡು ಸೊನ್ನೆ ಉದುರಿದವು.
ಸಾಬರು ಬೆರಳೆಣಿಸಿದರು, ಬಿಟ್ಟರು, ಕೆಳಗಿನಿಂದ ಚಹಾ ತರಿಸಿದರು.

ಆಮೇಲೆ ಹಾಳೆ ಮಗುಚಿದ.
ಬೆನ್ನ ತುಂಬ ಪೆನ್ಸಿಲಿನ ಕನ್ನಡ:
ಸೋಮವಾರ ಅರ್ಧ ಸೇರು. ಮಂಗಳವಾರ ಬರಲಿಲ್ಲ.
ಬುಧವಾರ ಬರೀ ನೀರು.
"ಇದನ್ನ ಅಳಿಸಿಬಿಡಿ," ಅಂದ. "ಬೆಲೆಗೆ ಕುಂದು."

ದಂಡಿನ ಯಾವ ಬಂಗಲೆಯ ಅಡುಗೆಮನೆಯೋ,
ಗೋಡೆಗಾನಿಸಿ ಲೆಕ್ಕ ಬರೆದ ಕೈ ಯಾರದೋ.
'ನೀರು' ಎಂಬಲ್ಲಿ ಮೊನೆ ಮುರಿಯುವಷ್ಟು ಒತ್ತಿದೆ ಸಿಟ್ಟು.
ಆ ಒತ್ತು ಮುಂಬದಿಯಲ್ಲಿ, ಚಿತ್ರದವಳ ಕೆನ್ನೆಯ ಕೆಳಗೆ,
ಚುಕ್ಕೆಯಾಗಿ ಉಬ್ಬಿದೆ,
ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುವಂತೆ.

ರಬ್ಬರು ನನ್ನ ಡ್ರಾಯರಿನಲ್ಲೇ ಇತ್ತು.

ಆತ ಹೋದ ಮೇಲೆ ಹತ್ತು ದಿನ ಫ್ಯಾನು ಹಾಕಲಿಲ್ಲ.
ಈರುಳ್ಳಿ ಸಿಪ್ಪೆಗಿಂತ ತೆಳುವಾದ ಜಪಾನಿನ ಕಾಗದ,
ಅದಕ್ಕೆ ಜಿಲೆಟಿನ್ನಿನ ತೆಳು ಲೇಪ.
ತೇವ ಹೆಚ್ಚಾದರೆ ಮಸಿ ಹೊರಟುಬಿಡುತ್ತದೆ,
ಕಡಿಮೆಯಾದರೆ ಹಿಡಿಯುವುದಿಲ್ಲ.
ಸೀಳಿಗೊಂದು ಪಟ್ಟಿ, ಪಟ್ಟಿಗೊಂದು ಉಸಿರು.
ವರದಿಯಲ್ಲಿ 'ಕೈ' ಎಂಬ ಕಡೆ ಮೂರು ಅಂತ ಬರೆದೆ,
ಹೊಡೆದುಹಾಕಿದೆ, ಮತ್ತೆ ಬರೆದೆ.

ಸಾಬರು ಬಂದರು. ಎರಡೂ ಬದಿ ನೋಡಿದರು,
ಹಾಲಿನ ಲೆಕ್ಕವನ್ನು ನನ್ನಿಂದ ಓದಿಸಿ ನಕ್ಕರು.
ಟೇಪು ಬಿಚ್ಚಿ ಅಳೆದು ಲೊಚಗುಟ್ಟಿದರು:
"ಹಂಗಾದ್ರೆ ಎರಡೂ ಕಡೆ ಗಾಜು ಹಾಕ್ಬೇಕಲ್ಲಮ್ಮಾ.
ಖರ್ಚು ಡಬಲ್."