ಅಳಿಯನಿಗೆ, ಹಿಮ ಬೀಳುವ ಮುನ್ನ

ಮೊರಿನೋಬು, ನೀನು ಒಕಿನಾವಾದವನು,
ಕಬ್ಬಿನ ಗದ್ದೆ, ಉಪ್ಪುಗಾಳಿ, ತೂಫಾನು ಬಲ್ಲವನು.
ಹಿಮವನ್ನು ಕ್ಯಾಲೆಂಡರಿನಲ್ಲಿ ನೋಡಿ ಚೆಂದ ಅಂದವನು.
ಚೆಂದವೇ. ಮೊದಲ ಎರಡು ದಿನ.

ನಾಳೆ ನನ್ನ ಮಂಡಿ ಕೊಯ್ಯುತ್ತಾರೆ,
ನಾಗಾವೊಕಾದ ಆಸ್ಪತ್ರೆಯಲ್ಲಿ ಆರು ವಾರ.
ಚಿನಾತ್ಸುಗೆ ಎಲ್ಲ ಗೊತ್ತಿದೆ,
ಹೇಳುವಾಗ ಮಾತ್ರ ಅರ್ಧ ನುಂಗುತ್ತಾಳೆ.
ಅದಕ್ಕೇ ಬರೆದಿಟ್ಟಿದ್ದೇನೆ.

ಮೊದಲು ಹಲಗೆಗಳು.
ಹಿತ್ತಿಲ ಕೋಣೆಯಲ್ಲಿ ಇಪ್ಪತ್ತಮೂರಿವೆ.
ಕಿಟಕಿಯ ಹೊರಗಿನ ಕಚ್ಚಿನಲ್ಲಿ ಒಂದರ ಮೇಲೊಂದು ಇಳಿಸು,
ಇಲ್ಲದಿದ್ದರೆ ಸೂರಿನಿಂದ ಜಾರಿದ ಹಿಮ ಗಾಜನ್ನು ಒತ್ತಿ ಒಡೆಯುತ್ತದೆ.
ಬೆನ್ನಿಗೆ ಸೀಸದಕಡ್ಡಿಯಲ್ಲಿ ಅಂಕಿ ಹಾಕಿದ್ದಾಳೆ ನಿನ್ನ ಅತ್ತೆ.
ಒಂಬತ್ತನೆಯದು ಇಲ್ಲ, ಹುಡುಕಬೇಡ.
ಅದರ ಜಾಗಕ್ಕೆ ಇಸ್ತ್ರಿ ಹಲಗೆ.
ಅಳತೆಗೆ ಗರಗಸ ಹಾಕಿದ್ದೇನೆ, ಸರಿ ಕೂರುತ್ತದೆ;
ಚಿನಾತ್ಸುಗೆ ಇನ್ನೂ ಗೊತ್ತಿಲ್ಲ.

ಅಂಕಿಗಳು ಮಾಸಿವೆ. ಮೇಲೆ ತಿದ್ದಬೇಡ.
ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತವೆ.

ಮಲಗುವ ಮುಂಚೆ ಕೊಳವೆಯ ನೀರು ಇಳಿಸು.
ಬಚ್ಚಲಿನ ಹಿಂದೆ ಕೆಂಪು ತಿರುಪು, ಬಲಕ್ಕೆ.
ಆಮೇಲೆ ನಲ್ಲಿಗಳನ್ನೆಲ್ಲ ತೆರೆದು
ಅವು ಗೊರಕೆ ಹೊಡೆದು ಸುಮ್ಮನಾಗುವ ತನಕ ಕಾದಿರು.
ಒಂದು ರಾತ್ರಿ ಮರೆತರೂ ಸಾಕು, ಕೊಳವೆ ಸೀಳುತ್ತದೆ;
ಸೀಳಿದ್ದು ತಿಳಿಯುವುದು ಚಳಿ ಇಳಿದ ಮೇಲೆ,
ನೀರು ಗೋಡೆಯೊಳಗಿಂದ ಮಾತಾಡಿದಾಗ.

ಸೀಮೆಎಣ್ಣೆ ಕಾಲುಭಾಗಕ್ಕೆ ಬಂದ ದಿನವೇ ಫೋನು ಮಾಡು.
ಒಬುಚಿ "ನಾಳೆ" ಅಂದರೆ ನಾಡಿದ್ದು.

ಕ್ಯಾರೆಟ್ ಕೀಳಬೇಡ, ಹಿಮದಡಿಯೇ ಇರಲಿ,
ಚಳಿಗೆ ಸಿಹಿ ಕಟ್ಟುತ್ತದೆ.
ಸಾಲಿನ ತುದಿಗೆ ಎರಡಾಳುದ್ದದ ಬಿದಿರು ನೆಟ್ಟಿದ್ದೇನೆ.
ಹೋದ ವರ್ಷ ಒಂದಾಳುದ್ದ ನೆಟ್ಟು
ಕ್ಯಾರೆಟ್ಟಿನ ಜೊತೆ ಬಿದಿರನ್ನೂ ಹುಡುಕಿದೆ.

ಇನ್ನು ಮಾಡಿನ ವಿಷಯ.
ಯಾವಾಗ ಹತ್ತಬೇಕೆಂದು ಟೀವಿಯನ್ನು ಕೇಳಬೇಡ,
ಹಿರಿಯರ ಪೀಠವಿರುವ ಕೋಣೆಯ ಜಾರುಬಾಗಿಲನ್ನು ಕೇಳು.
ಒಂದೇ ಬೆರಳಿಗೆ ಸರಿಯುವ ಬಾಗಿಲು ಅದು.
ಎರಡು ಕೈ ಬೇಕಾಯಿತೋ, ತೊಲೆ ಬಾಗಿದೆ ಎಂದರ್ಥ.
ಹತ್ತು, ಆದರೆ ಒಬ್ಬನೇ ಹತ್ತಬೇಡ.
ಹಗ್ಗವನ್ನು ಮನೆಯ ಆಚೆ ಬದಿಯ ಕಂಬಕ್ಕೆ ಬಿಗಿದು
ಗಂಟನ್ನು ಚಿನಾತ್ಸುಗೆ ತೋರಿಸು.
ತಗಡು ಕಾಣುವ ತನಕ ಕೆರೆಯಬೇಡ, ಒಂದು ಗೇಣು ಬಿಡು,
ಕಾಲಿಗೆ ಹಿಡಿತ ಬೇಕು.
ಪೂರ್ತಿ ಮುಗಿಸುವ ಚಟ ನಿನಗಿದೆ, ನೋಡಿದ್ದೇನೆ,
ಬಟ್ಟಲಲ್ಲಿ ಒಂದಗುಳು ಉಳಿಸುವವನಲ್ಲ.
ಮಾಡಿನ ಮೇಲೆ ಆ ಗುಣ ಬೇಡ.
ಹೆದರಬೇಕಾದ್ದು ಹಿಮಗಾಳಿಗಲ್ಲ,
ಅದರ ಮಾರನೆಯ ದಿನದ ಬಿಸಿಲಿಗೆ.

ತಳ್ಳಿದ ಹಿಮ ತೊಮೆಯಜ್ಜಿಯ ಕಡೆ ಬೀಳದಿರಲಿ.
ಬಿದ್ದರೆ ಅವಳ ಬಾಗಿಲ ತನಕ ದಾರಿ ತೋಡಿಕೊಡು.
ಬೀಳದಿದ್ದರೂ ತೋಡಿಕೊಡು.
ಬೈಯುತ್ತಾಳೆ. ಬೈಸಿಕೋ.

ಕಿನುಯೊ ತೀರಿಕೊಂಡ ಚಳಿಗಾಲ
ಆ ಬಾಗಿಲು ಕಚ್ಚಿಕೊಂಡಿತ್ತು.
ಒಳಗೆ ಅವಳ ಫೋಟೊ, ಹೊರಗೆ ನಾನು.
ಬೆರಳು, ಎರಡು ಕೈ, ಭುಜ,
ಆಮೇಲೆ ಅದೂ ಬಿಟ್ಟೆ.
ಸಲಿಕೆ ಎಲ್ಲಿದೆ ಎಂದು ಗೊತ್ತಿತ್ತು, ಮುಟ್ಟಲಿಲ್ಲ.
ತೊಲೆ ರಾತ್ರಿಯೆಲ್ಲ ನರಳಿತು, ನರಳಲಿ ಅಂದುಕೊಂಡೆ.
ಐದನೆಯ ದಿನ ತಲೆಯ ಮೇಲೆ ಹೆಜ್ಜೆ ಸಪ್ಪಳ.
ಯಾರೆಂದು ಎದ್ದು ನೋಡಲಿಲ್ಲ, ಚಹಾ ಇಡಲಿಲ್ಲ.
ಮೂವರಿರಬೇಕು, ನಾಲ್ವರೋ.
ಕೆಳಗೆ ಹಗ್ಗ ಹಿಡಿದು ಕೆಮ್ಮುತ್ತಿದ್ದವಳ
ಗುರುತು ಮಾತ್ರ ಸಿಕ್ಕಿತು.
ಮಧ್ಯಾಹ್ನದ ಹೊತ್ತಿಗೆ ಬಾಗಿಲು
ತಾನಾಗಿ ಒಂದು ಬೆರಳಗಲ ಸಡಿಲಿತು.

ಅಜ್ಜಿಯ ದಾರಿ ಎರಡು ಸಲಿಕೆ ಅಗಲವಿರಲಿ,
ಈಗ ಕೋಲು ಹಿಡಿದು ಓಡಾಡುತ್ತಾಳೆ.

ಇಸ್ತ್ರಿ ಹಲಗೆಯ ಸಂಗತಿ
ನಾನು ಬಂದ ಮೇಲೆ ಹೇಳೋಣ.
ಕೆಂಪು ತಿರುಪು. ಬಲಕ್ಕೆ.